ಇರುಳನ್ನರಿಯದ ಹಸುಳೆ

ಹುಟ್ಟಿದ ಮೊದಲ 28 ದಿನಗಳ ಕೂಸನ್ನು ವೈದ್ಯಶಾಸ್ತ್ರವು ನವಜಾತ ಶಿಶುವೆಂದು ಕರೆಯುತ್ತದೆ. ಈ ದಿನಗಳಲ್ಲಿ ಅದು ಹಗಲಿರುಳು ಸೇರಿ 14ರಿಂದ 17 ಗಂಟೆಗಳಷ್ಟು ನಿದ್ರಿಸುವುದು ವಾಡಿಕೆ. ಹಾಲನ್ನು ಚೆನ್ನಾಗಿ ಕುಡಿದು ತೂಕದಲ್ಲಿ ಏರುತ್ತಿರುವ ಮಗು ಇದಕ್ಕಿಂತ ಒಂದೆರಡು ಗಂಟೆ ಹೆಚ್ಚಾಗಿಯೋ ಕಡಿಮೆಯಾಗಿಯೋ ಮಲಗಿದರೆ ಚಿಂತೆಗೆ ಆಸ್ಪದವಿಲ್ಲ. ಲೆಕ್ಕದಲ್ಲಿ ಇಷ್ಟು ಉದಾರವಾದ ಈ ನಿದ್ರೆ ಮನೆಮಂದಿಯನ್ನೆಲ್ಲ ಕಂಗೆಡಿಸುವುದೇಕೆಂದರೆ, ಅದು ಎರಡು ಮೂರು ಗಂಟೆಗಳ ತುಣುಕುಗಳಾಗಿ ಹಂಚಿಹೋಗಿರುತ್ತದೆ, ಮತ್ತು ಆ ತುಣುಕುಗಳಿಗೆ ಸೂರ್ಯನ ಉದಯಾಸ್ತಗಳ ಲಕ್ಷ್ಯವೇ ಇರುವುದಿಲ್ಲ. ಚರಕಾಚಾರ್ಯರು ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಎಣಿಸಿದರಷ್ಟೆ. ಹಸುಳೆಯಲ್ಲಿ ಮೊದಲಿನೆರಡೂ ಒಂದನ್ನೊಂದು ಹೆಣೆದುಕೊಂಡೇ ನಿಂತಿವೆ. ಹಸಿವು ನಿದ್ರೆಯನ್ನು ಮುರಿಯುತ್ತದೆ, ಹಾಲು ಅದನ್ನು ಮರಳಿ ಕರೆತರುತ್ತದೆ.

ಬಾಣಂತಿಯರ ಮುಂದೆ ಈ ವಿಷಯವನ್ನು ವಿವರಿಸಲು ಕುಳಿತಾಗಲೆಲ್ಲ ಎದುರಾಗುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಎರಡು ಗಂಟೆಗೊಮ್ಮೆ ಏಳುವುದೆಂದರೆ ನನ್ನ ಹಾಲು ಸಾಲುತ್ತಿಲ್ಲವೆಂದೇ ಅಲ್ಲವೆ ಎಂಬುದು ಒಂದು. ಮಗು ಹಗಲನ್ನು ರಾತ್ರಿ ಮಾಡಿಕೊಂಡುಬಿಟ್ಟಿದೆ, ಇದಕ್ಕೇನು ಪರಿಹಾರ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎದೆಹಾಲು ಬೇಗ ಅರಗುವ ಆಹಾರ, ಕೂಸಿನ ಜಠರವೋ ಅತ್ಯಲ್ಪ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೇಳುವುದು ಅದರ ಸಹಜಧರ್ಮ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದೆ ಬಟ್ಟೆ ಒದ್ದೆ ಮಾಡುತ್ತ, ಎರಡು ವಾರಗಳ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದ ಮಗುವಿಗೆ ಹಾಲು ಸಾಲುತ್ತಿದೆಯೆಂದೇ ತಿಳಿಯತಕ್ಕದ್ದು. ಹಾಲಿನ ಉತ್ಪತ್ತಿಯನ್ನು ಪ್ರೇರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ತಾಯಿಯ ರಕ್ತದಲ್ಲಿ ರಾತ್ರಿಯ ಹೊತ್ತೇ ಹೆಚ್ಚಾಗಿರುವುದರಿಂದ, ಮಗು ಗಟ್ಟಿಯಾಗಿ ಮಲಗಲೆಂದು ಇರುಳಿನ ಎದೆಹಾಲನ್ನು ತಪ್ಪಿಸಿ ಸೀಸೆ ಹಿಡಿಸುವವರು, ಇಲ್ಲದ ಕೊರತೆಯನ್ನು ತಾವೇ ಉಂಟುಮಾಡಿದವರಾಗುತ್ತಾರೆ.

ಎರಡನೆಯ ಪ್ರಶ್ನೆಗೆ ಸಾವಧಾನವಾಗಿಯೇ ಉತ್ತರ ಹೇಳಬೇಕು, ಏಕೆಂದರೆ ಪ್ರಶ್ನೆಯಲ್ಲಿಯೇ ಒಂದು ಭ್ರಮೆ ಅಡಗಿದೆ. ಅದಲುಬದಲು ಮಾಡಿಕೊಳ್ಳಬೇಕಾದರೆ ಹಗಲು ರಾತ್ರಿಗಳೆರಡೂ ಮೊದಲು ಪರಿಚಯವಾಗಿರಬೇಕಲ್ಲವೆ? ಹಸುಳೆಗೆ ಇರುಳೆಂಬುದೇ ಇನ್ನೂ ತಿಳಿಯದು. ನಮ್ಮ ಮೆದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಎಡೆಯ ನೆತ್ತಿಯಲ್ಲಿ, ಅತಿ ಸಣ್ಣದಾದ ಜೀವಕೋಶಗಳ ಜೋಡಿಗಂಟೊಂದಿದೆ. ದೇಹದ ದಿನಚರಿಯನ್ನು ಆಳುವ ಗಡಿಯಾರ ಅದು. ಕಣ್ಣಿನಿಂದ ಬೆಳಕಿನ ಸುದ್ದಿಯನ್ನು ಪಡೆದು, ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನನ್ನು ಹೊರಡಿಸಿ, ಇರುಳಾಯಿತೆಂಬ ವಾರ್ತೆಯನ್ನು ಅಂಗಾಂಗಗಳಿಗೆಲ್ಲ ತಲುಪಿಸುವುದು ಅದರ ಕೆಲಸ. ಇಂತಹ ಗಡಿಯಾರದ ಒಳಯಂತ್ರವನ್ನು ಬಿಡಿಸಿ ತೋರಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು; ಅವರು ಪರೀಕ್ಷಿಸಿದ್ದು ಕಳಿತ ಹಣ್ಣಿಗೆ ಮುತ್ತುವ ಕ್ಷುದ್ರ ನೊಣವನ್ನು. ಆ ನೊಣಕ್ಕೆ ಇರುವ ಕಾಲಜ್ಞಾನ ಮನುಷ್ಯನ ಕೂಸಿಗೆ ಮೊದಲ ವಾರಗಳಲ್ಲಿ ಇರದೆಂಬುದನ್ನು ನೆನೆದಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

ಗರ್ಭದಲ್ಲಿದ್ದಾಗ ಶಿಶುವಿಗೆ ಈ ಚಿಂತೆಯಿರಲಿಲ್ಲ. ತಾಯಿಯ ಮೆಲಟೋನಿನ್ ಮಾಸನ್ನು ದಾಟಿ ಮಗುವನ್ನು ಸೇರುತ್ತಿತ್ತು. ಅವಳ ಇರುಳೇ ಅದರ ಇರುಳು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದೊಡನೆ ಆ ವಾರ್ತೆ ನಿಂತುಹೋಗುತ್ತದೆ, ಮಗುವಿನ ಸ್ವಂತ ಮೆಲಟೋನಿನ್ ಕತ್ತಲೆಯನ್ನನುಸರಿಸಿ ಏರಿಳಿಯಲು ಎರಡು ಮೂರು ತಿಂಗಳು ಬೇಕಾಗುತ್ತದೆ. ಈ ನಡುವಿನ ಅವಧಿಯಲ್ಲಿ ಅದಕ್ಕೆ ದೊರೆಯುವ ಒಂದು ಸಣ್ಣ ಸಹಾಯವೆಂದರೆ ತಾಯಿಯ ಹಾಲು: ರಾತ್ರಿಯ ಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಷಿಕಾಗೊ ವಿಶ್ವವಿದ್ಯಾನಿಲಯದ ಕ್ಲೈಟ್‌ಮನ್ ಮತ್ತು ಎಂಗೆಲ್‌ಮನ್ 1953ರಲ್ಲಿ, ಮೂರನೆಯ ವಾರದಿಂದ ಆರನೆಯ ತಿಂಗಳವರೆಗಿನ ಶಿಶುಗಳ ನಿದ್ರೆಯ ದಾಖಲೆಯನ್ನು ಪ್ರಕಟಿಸಿದರು. ಮೊದಮೊದಲು ದಿನವಿಡೀ ಚದುರಿ ಬಿದ್ದ ನಿದ್ರೆ ವಾರದಿಂದ ವಾರಕ್ಕೆ ಮೆಲ್ಲಮೆಲ್ಲನೆ ರಾತ್ರಿಯ ಕಡೆಗೆ ಸರಿದು ಸೇರಿಕೊಳ್ಳುವುದನ್ನು ಆ ದಾಖಲೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ತಾಳ್ಮೆಗೆ ಅದಕ್ಕಿಂತ ದೊಡ್ಡ ಉಪದೇಶವನ್ನು ನಾನು ಕಂಡಿಲ್ಲ.

ಗಡಿಯಾರ ತಾನಾಗಿ ಪಕ್ವವಾಗುವುದು ನಿಜವಾದರೂ ಅದಕ್ಕೆ ಬೆಳಕಿನ ಪಾಠ ಬೇಕು. ನಮ್ಮ ಬಾಣಂತಿಕೋಣೆಯು ಆ ಪಾಠಕ್ಕೆ ಅಡ್ಡಬರುವ ಬಗೆಯನ್ನು ಇಲ್ಲಿ ಹೇಳಲೇಬೇಕು. ಕಿಟಕಿಗೆ ಹಳೆಯ ಸೀರೆಯನ್ನು ಮಡಿಸಿ ಇಳಿಬಿಟ್ಟು, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಮಟಮಟ ಮಧ್ಯಾಹ್ನದಲ್ಲಿಯೂ ತೊಟ್ಟಿಲೊಳಗಿನ ಮುಖ ಸರಿಯಾಗಿ ಕಾಣದಂತೆ ಮಾಡಿದ ಅದೇ ಕೋಣೆಯಲ್ಲಿ, ರಾತ್ರಿಯಾದೊಡನೆ ಮಗು ಬೆಚ್ಚೀತೆಂದು ದೊಡ್ಡ ದೀಪವನ್ನು ಹಚ್ಚಿ ಬೆಳಗಿನವರೆಗೂ ಉರಿಸುತ್ತಾರೆ. ಈಗೀಗಲಂತೂ ಹಾಲೂಡಿಸುವ ತಾಯಿಯ ಕೈಯಲ್ಲಿ ಮೊಬೈಲು ಬೇರೆ ಬೆಳಗುತ್ತಿರುತ್ತದೆ. ಹಗಲಿನಲ್ಲಿ ಮಬ್ಬು, ಇರುಳಿನಲ್ಲಿಯೂ ಮಬ್ಬು. ಕಲಿಯಬೇಕಾದ ಗಡಿಯಾರ ಏನನ್ನು ಕಲಿತೀತು? ಇದೇ ನಮ್ಮ ಪೂರ್ವಿಕರ ಶಾಸ್ತ್ರವೆಂದು ವಾದಿಸುವವರು ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ತೆರೆದು ಕುಮಾರಾಗಾರದ, ಎಂದರೆ ಮಗುವಿನ ಕೋಣೆಯ, ಲಕ್ಷಣವನ್ನು ಓದಿಕೊಳ್ಳಲಿ. ಆ ಕೋಣೆಯಲ್ಲಿ ಕತ್ತಲಿರಕೂಡದು, ಗಾಳಿ ನೇರವಾಗಿ ಬೀಸಕೂಡದು, ಆದರೆ ಒಂದು ಪಾರ್ಶ್ವದಲ್ಲಿ ಗಾಳಿಯಾಡಬೇಕು ಎಂದು ಅಲ್ಲಿ ವಿಧಿಸಿದೆ.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ರಿವ್ಕೀಸ್ ಮತ್ತು ಸಂಗಡಿಗರು 2004ರಲ್ಲಿ ಅವಧಿಗೆ ಮುನ್ನ ಜನಿಸಿದ ಶಿಶುಗಳ ಮೇಲೆ ಬೆಳಕಿನ ಈ ಪಾಠವನ್ನು ಪರೀಕ್ಷಿಸಿ ನೋಡಿದರು. ಆಸ್ಪತ್ರೆಯಲ್ಲಿ ಸದಾ ಮಂದಪ್ರಕಾಶದಲ್ಲಿಯೇ ಇದ್ದ ಶಿಶುಗಳಿಗಿಂತ, ಹಗಲಿನಲ್ಲಿ ಹಿತವಾದ ಬೆಳಕನ್ನೂ ರಾತ್ರಿಯಲ್ಲಿ ಕತ್ತಲೆಯನ್ನೂ ಕಂಡ ಶಿಶುಗಳು ಮನೆಗೆ ಹೋದ ಮೇಲೆ ಹಗಲು ಚಟುವಟಿಕೆ, ಇರುಳು ವಿಶ್ರಾಂತಿ ಎಂಬ ಕ್ರಮವನ್ನು ಬೇಗನೆ ತೋರಿದವು. ಆದುದರಿಂದ ಮನೆಯಲ್ಲಿ ಮಾಡಬೇಕಾದದ್ದು ಇಷ್ಟೆ: ಬೆಳಗಾದೊಡನೆ ಕಿಟಕಿ ತೆರೆಯುವುದು, ಹಗಲಿನ ಹಾಲನ್ನು ಬೆಳಕಿನಲ್ಲಿ, ಮಾತನಾಡಿಸುತ್ತ, ಪಾತ್ರೆಪಡಗಗಳ ಸದ್ದಿನ ನಡುವೆಯೇ ಕುಡಿಸುವುದು, ರಾತ್ರಿಯ ಹಾಲನ್ನು ಮೂಲೆಯ ಸಣ್ಣ ದೀಪದಲ್ಲಿ, ಮಾತಿಲ್ಲದೆ, ಆಟವಿಲ್ಲದೆ ಕುಡಿಸಿ ಮತ್ತೆ ಮಲಗಿಸುವುದು. ಹಗಲಿನಲ್ಲಿ ಮಲಗಗೊಡದೆ ಆಯಾಸಪಡಿಸಿದರೆ ರಾತ್ರಿ ಮಲಗುವುದೆಂಬ ಎಣಿಕೆ ಮಾತ್ರ ಸಲ್ಲದು. ಅತಿಯಾಗಿ ದಣಿದ ಕೂಸು ಇನ್ನಷ್ಟು ಅಳುತ್ತದೆ.

ಇನ್ನು ನನಗೆ ಬಹು ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಮಲಗಿದ ಹಸುಳೆಯನ್ನು ಹತ್ತು ನಿಮಿಷ ಬರಿದೆ ನೋಡುತ್ತ ಕುಳಿತವರು ಬಹಳ ಮಂದಿಯಿಲ್ಲ. ನೋಡಿದವರಿಗೆ ಕಾಣುವುದೇನು? ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿಂದಿತ್ತ ಹೊರಳುತ್ತದೆ. ಹುಬ್ಬು ಗಂಟಿಕ್ಕಿ ಸಡಿಲುತ್ತದೆ. ತುಟಿ ಹೀರುವಂತೆ ಮಿಡುಕಿ, ಮರುಕ್ಷಣ ಒಂದು ಬದಿಗೆ ನಗೆಯಾಗಿ ವಾಲಿ, ಅಳುವ ಮುಖವಾಗಿ ಮುದುಡುತ್ತದೆ. ಒಂದು ಬೆರಳು ತಾನೊಂದೇ ಚಿಮ್ಮುತ್ತದೆ. ಉಸಿರು ನಾಲ್ಕಾರು ಸಲ ಅವಸರಿಸಿ ಕೊಂಚ ತಡೆಯುತ್ತದೆ. ನಡುವೆ ಒಂದು ನರಳು, ಒಂದು ಕಿರುಕೂಗು. ದೇವರು ನಗಿಸುತ್ತಿದ್ದಾನೆಂದೂ ಷಷ್ಠೀದೇವಿ ಆಡಿಸುತ್ತಿದ್ದಾಳೆಂದೂ ಅಜ್ಜಿಯರು ಹೇಳುವುದು ಈ ಹೊತ್ತನ್ನೇ. ಶಾಸ್ತ್ರಜ್ಞರು ಇದನ್ನು ಸಕ್ರಿಯ ನಿದ್ರೆ ಎನ್ನುತ್ತಾರೆ. ವಯಸ್ಕರು ಕನಸು ಕಾಣುವ ನಿದ್ರೆಯ ಶೈಶವರೂಪ ಇದು. ಕ್ಲೈಟ್‌ಮನ್‌ರ ಶಿಷ್ಯ ಆಸೆರಿನ್ಸ್‌ಕಿ ಮೊದಲು ಶಿಶುಗಳ ಕಣ್ಣುಗಳನ್ನೇ ಗಮನಿಸುತ್ತ ಕುಳಿತವರು. ಆ ದಾರಿಯಲ್ಲಿ ಮುಂದುವರಿದೇ ಗುರುಶಿಷ್ಯರಿಬ್ಬರೂ 1953ರಲ್ಲಿ ನಿದ್ರೆಯೊಳಗಿನ ಕ್ಷಿಪ್ರನೇತ್ರಚಲನೆಯನ್ನು ಲೋಕಕ್ಕೆ ತಿಳಿಸಿದರು. ನಿದ್ರೆಯ ಆಧುನಿಕ ವಿಜ್ಞಾನವು ತೊಟ್ಟಿಲ ಬಳಿಯಿಂದ ಹೊರಟಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ವಯಸ್ಕರ ನಿದ್ರೆಯಲ್ಲಿ ಈ ಬಗೆಯದು ಸುಮಾರು ಕಾಲುಪಾಲು. ನವಜಾತನಲ್ಲಿ ಸರಿಸುಮಾರು ಅರ್ಧ. ನಾವು ಮೊದಲು ಗಾಢನಿದ್ರೆಗೆ ಇಳಿದು ಆಮೇಲೆ ಕನಸಿಗೆ ಬರುತ್ತೇವೆ. ಕೂಸು ಸಕ್ರಿಯ ನಿದ್ರೆಯ ಬಾಗಿಲಿನಿಂದಲೇ ಒಳಹೊಕ್ಕು ಆಮೇಲೆ ಶಾಂತನಿದ್ರೆಗೆ ಇಳಿಯುತ್ತದೆ. ನಮ್ಮ ಆವರ್ತನ ಸುಮಾರು ತೊಂಬತ್ತು ನಿಮಿಷದ್ದು, ಅದರದು ಐವತ್ತು ಅರುವತ್ತು ನಿಮಿಷದ್ದು. ಕನಸಿನ ಹೊತ್ತಿನಲ್ಲಿ ನಮ್ಮ ಕೈಕಾಲುಗಳನ್ನು ಮೆದುಳು ಕಟ್ಟಿಹಾಕುತ್ತದೆ. ಶಿಶುವಿನಲ್ಲಿ ಆ ಕಟ್ಟು ಇನ್ನೂ ಬಿಗಿಯಾಗಿಲ್ಲ, ಆದುದರಿಂದಲೇ ಈ ಎಲ್ಲ ಮಿಡುಕಾಟ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಮಾರ್ಕ್ ಬ್ಲಂಬರ್ಗ್ ಇಲಿಮರಿಗಳಲ್ಲಿ ಕಂಡುಕೊಂಡಂತೆ, ನಿದ್ರೆಯಲ್ಲಿ ಅಂಗವೊಂದು ಚಿಮ್ಮಿದೊಡನೆ ಅದರ ಸ್ಪಂದನ ಮೆದುಳಿಗೆ ಮರಳಿ ಮುಟ್ಟುತ್ತದೆ. ತನ್ನ ಅಂಗಗಳ ನಕ್ಷೆಯನ್ನು ಮೆದುಳು ಈ ಮಿಡುಕುಗಳಿಂದಲೇ ಬರೆದುಕೊಳ್ಳುತ್ತಿರಬೇಕೆಂಬುದು ಅವರ ವಾದ. ಮಲಗಿ ಕಾಲಹರಣ ಮಾಡುತ್ತಿದೆಯೆಂದು ನಾವು ತಿಳಿದ ಕೂಸು ಪಾಠ ಓದಿಕೊಳ್ಳುತ್ತಿರುತ್ತದೆ!

ಮನೆಯವರು ಎಡವುವುದು ಇಲ್ಲಿಯೇ. ನರಳಿನ ಸದ್ದು ಕೇಳಿದೊಡನೆ ಮಗು ಎದ್ದಿತೆಂದು ತಿಳಿದು ಒಬ್ಬರು ದೀಪ ಹಾಕುತ್ತಾರೆ, ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಮೂರನೆಯವರು ಹೊಟ್ಟೆನೋವೇ ಇರಬೇಕೆಂದು ಬಜೆ ತೇಯಲು ಹೊರಡುತ್ತಾರೆ. ಮಲಗಿಯೇ ಇದ್ದ ಕೂಸು ಈ ಉಪಚಾರದಿಂದ ನಿಜವಾಗಿ ಎಚ್ಚರಗೊಂಡು ಅಳುತ್ತದೆ. ಕಣ್ಣು ತೆರೆಯದೆ ನರಳಿದ ಮಗುವನ್ನು ಮುಟ್ಟದೆ ಒಂದೆರಡು ನಿಮಿಷ ಕಾದು ನೋಡಿದರೆ, ಎಷ್ಟೋ ವೇಳೆ ಅದು ತಾನಾಗಿ ಮುಂದಿನ ಆವರ್ತನಕ್ಕೆ ದಾಟುತ್ತದೆ. ತಲೆ ಹೊರಳಿಸಿ ಬಾಯಿ ತೆರೆದು ಹುಡುಕುತ್ತ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತ ಇದ್ದರೆ ಅದು ಹಸಿವು, ಆಗ ತಡಮಾಡಲಾಗದು.

ತೋಳಿನಲ್ಲಿ ಮಲಗಿದ ಮಗು ತೊಟ್ಟಿಲಿಗೆ ಹಾಕಿದೊಡನೆ ಏಳುವುದಕ್ಕೂ ಇದೇ ಮುಖ್ಯ ಕಾರಣ: ಅದು ಇನ್ನೂ ಸಕ್ರಿಯ ನಿದ್ರೆಯ ಬಾಗಿಲಲ್ಲಿಯೇ ಇರುತ್ತದೆ. ಮೇಲಾಗಿ, ತಲೆ ಸ್ವಲ್ಪ ಹಿಂದಕ್ಕೆ ಜಾರಿದರೂ ಎರಡು ಕೈಗಳನ್ನೂ ಚಾಚಿ ಬೆಚ್ಚುವ, ಮೋರೋ ಎಂಬ ವೈದ್ಯರು 1918ರಲ್ಲಿ ವರ್ಣಿಸಿದ ಪ್ರತಿಕ್ರಿಯೆಯೂ ಸೇರಿಕೊಳ್ಳುತ್ತದೆ. ಜಪಾನಿನ ರೈಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕ್ರಮ ಸರಳವಾದದ್ದು: ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಹದದಲ್ಲಿ ನಡೆಯುವುದು, ನಿದ್ರೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಸುಮ್ಮನೆ ಕುಳಿತಿರುವುದು, ಆಮೇಲೆ ಮಲಗಿಸುವುದು. ನಮ್ಮ ಅಜ್ಜಿಯರು ತೋಳನ್ನು ಎತ್ತಿ ಬಿಟ್ಟು, ಅದು ಸಪ್ಪಗೆ ಬಿದ್ದರೆ ಮಾತ್ರ ತೊಟ್ಟಿಲಿಗೆ ಹಾಕುತ್ತಿದ್ದರು, ಪರೀಕ್ಷೆ ಅದೇ.

ಮಲಗಿಸುವಾಗ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ, ದಿಂಬಿಲ್ಲದೆ ಮಲಗಿಸತಕ್ಕದ್ದು. ಪಾಶ್ಚಾತ್ಯ ದೇಶಗಳಲ್ಲಿ ಕೆಲವು ದಶಕ ಬೋರಲು ಮಲಗಿಸುವ ಸಲಹೆ ಪ್ರಚಾರದಲ್ಲಿದ್ದು, ನಿದ್ರೆಯಲ್ಲಿಯೇ ಕೂಸುಗಳು ಅಕಸ್ಮಾತ್ತಾಗಿ ಸಾಯುವುದಕ್ಕೂ ಅದಕ್ಕೂ ಸಂಬಂಧವಿದೆಯೆಂದು ಗೊತ್ತಾದ ಮೇಲೆ, 1990ರ ದಶಕದ ಪ್ರಚಾರಾಂದೋಲನಗಳಿಂದ ಅಂತಹ ಮರಣಗಳು ಅರ್ಧಕ್ಕೂ ಕೆಳಗಿಳಿದುವು. ಸೀರೆಯ ಜೋಳಿಗೆಯಲ್ಲಿ ಗಲ್ಲ ಎದೆಗೆ ಒತ್ತಿ ಉಸಿರು ಕಟ್ಟುವ ಭಯವುಂಟಾದುದರಿಂದ ಅದು ದೀರ್ಘನಿದ್ರೆಗೆ ತಕ್ಕುದಲ್ಲ. ಕಾಲುಗಳನ್ನು ನೆಟ್ಟಗೆ ಬಿಗಿದು ಸುತ್ತಿದರೆ ಸೊಂಟದ ಕೀಲು ಕೆಡಬಹುದು. ಮಂಗಳೂರಿನ ಸೆಕೆಯಲ್ಲಿಯೂ ಉಣ್ಣೆಯ ಟೊಪ್ಪಿಗೆ ತೊಡಿಸುವುದು, ಸ್ನಾನದ ತರುವಾಯ ಸಾಂಬ್ರಾಣಿಯ ಹೊಗೆಯಲ್ಲಿ ಎಳೆಯ ಶ್ವಾಸಕೋಶವನ್ನು ಹಿಡಿಯುವುದು ಎರಡೂ ಬಿಡತಕ್ಕವು. ಒಂದು ವರ್ಷ ತುಂಬುವ ಮುನ್ನ ಜೇನು ನೆಕ್ಕಿಸಕೂಡದು, ಅದರಲ್ಲಿ ಬಾಟುಲಿಸಮ್ ರೋಗದ ಬೀಜಾಣುಗಳಿರಬಹುದು. ಹಿಂದೆ ಮುಂಬಯಿಯ ಹತ್ತಿಗಿರಣಿಯ ಕೂಲಿ ತಾಯಂದಿರು ಮಕ್ಕಳಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು; ನಿದ್ರೆ ಬರಿಸುವ ಯಾವ ಔಷಧವೂ ಹಸುಳೆಗೆ ಸಲ್ಲದೆಂಬುದಕ್ಕೆ ಆ ಕರುಣಕಥೆಯೇ ಸಾಕ್ಷಿ.

ಅತಿನಿದ್ರೆಯೂ ಕೆಲವೊಮ್ಮೆ ರೋಗಲಕ್ಷಣ. ಎಬ್ಬಿಸಿದರೂ ಹಾಲು ಕುಡಿಯದ, ಮೈ ಹಳದಿಗಟ್ಟುತ್ತಿರುವ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ, ಅಥವಾ ಮೈ ತಣ್ಣಗಾಗಿ ಸೋತ ಕೂಸನ್ನು ಅಂದೇ ವೈದ್ಯರ ಬಳಿಗೆ ಒಯ್ಯಬೇಕು. ಹುಟ್ಟಿದಾಗಿನ ತೂಕ ಮರಳುವವರೆಗೆ ನಾಲ್ಕು ಗಂಟೆ ಮೀರಿ ಮಲಗಿದ ಮಗುವನ್ನು ಎಬ್ಬಿಸಿ ಕುಡಿಸಬೇಕು.

ಓದುವ ಹವ್ಯಾಸವಿರುವ ತಾಯಂದಿರು ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ವನ್ನು ತಪ್ಪದೆ ಓದಲಿ. ಅದಕ್ಕಿಂತ ಮುಖ್ಯವಾಗಿ, ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನಕ್ಕೊಂದು ಗೆರೆ ಎಳೆದು, ಮಗು ಮಲಗಿದ ಹೊತ್ತನ್ನು ಪೆನ್ಸಿಲಿನಿಂದ ದಪ್ಪಗೆ ತೀಡುತ್ತ ಹೋದರೆ, ಮೂರನೆಯ ತಿಂಗಳ ಹೊತ್ತಿಗೆ ಕ್ಲೈಟ್‌ಮನ್‌ರು ಕಂಡದ್ದನ್ನು ಅವರೂ ಕಾಣಬಹುದು. ಎಣ್ಣೆನೀರು, ತೊಟ್ಟಿಲು, ಜೋಗುಳ, ಕತ್ತಲೆಯ ಕೋಣೆ, ತಾಯಿಯ ಮಗ್ಗುಲು, ಇವೆಲ್ಲ ಸೇರಿದ ನಮ್ಮ ಬಾಣಂತನದಲ್ಲಿ ಉಳಿಸಿಕೊಳ್ಳತಕ್ಕದ್ದಾವುದು, ಬಿಡತಕ್ಕದ್ದಾವುದು ಎಂಬುದನ್ನು ಮಂಡ್ಯದ ಹಳ್ಳಿಯಲ್ಲಿಯೂ ಕಲಬುರಗಿಯ ಓಣಿಯಲ್ಲಿಯೂ ಅಳೆದು ನೋಡಬೇಕಾಗಿದೆ. ಈ ಲೇಖನವನ್ನು ಓದುತ್ತಿರುವವರಲ್ಲಿ ವೈದ್ಯವಿದ್ಯಾರ್ಥಿಗಳೂ ದಾದಿಯರೂ ಆಶಾ ಕಾರ್ಯಕರ್ತೆಯರೂ ಇದ್ದರೆ, ತಾಯಂದಿರು ತೀಡಿದ ಅಂತಹ ಗೆರೆಗಳನ್ನು ಸಂಗ್ರಹಿಸಿ, ಕಂಡದ್ದನ್ನು ಕನ್ನಡದಲ್ಲಿಯೇ ಬರೆದು ಪ್ರಕಟಿಸಬೇಕೆಂದು ಬೇಡುತ್ತೇನೆ.