ಕುದುರೆಯ ಕೀಲಿನೊಳಗೆ ಇಣುಕುವ ಕೊಳವೆ
ಮಕ್ಕಳೇ, ಕುದುರೆಯ ಮುಂಗಾಲಿನ ‘ಮಂಡಿ’ ನಿಜಕ್ಕೂ ನಮ್ಮ ಮಣಿಕಟ್ಟಿಗೆ ಸಮ! ರೇಸಿನಲ್ಲಿ ಜೋರಾಗಿ ಓಡುವಾಗ ಅಲ್ಲಿನ ಮೂಳೆಯ ಅಂಚಿನಿಂದ ಸಣ್ಣ ಚೂರು ಮುರಿಯುವುದುಂಟು. ಹಾಗೇ ಬಿಟ್ರೆ ಅದು ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ಕೀಲಿನ ನುಣುಪಾದ ಮೃದ್ವಸ್ಥಿಯನ್ನು ಸವೆಸುತ್ತದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಸವೆದರೆ ಮೊದಲಿನಂತೆ ಬೆಳೆಯದು.

ಹಾಗಾದ್ರೆ ಚೂರು ತೆಗೆಯೋದು ಹೇಗೆ? ಕುದುರೆಗೆ ಅರಿವಳಿಕೆ ಕೊಟ್ಟು ಮಲಗಿಸಿ, ಕೀಲಿಗೆ ದ್ರವ ತುಂಬಿ ಉಬ್ಬಿಸುತ್ತಾರೆ. ಚರ್ಮದಲ್ಲಿ 1 ಸೆಂಟಿಮೀಟರಿನಷ್ಟು ಚಿಕ್ಕ ಎರಡು ರಂಧ್ರ ಮಾಡುತ್ತಾರೆ. ಒಂದರಲ್ಲಿ ಸುಮಾರು 4 ಮಿಲಿಮೀಟರ್ ದಪ್ಪದ ಆರ್ತ್ರೋಸ್ಕೋಪ್, ಅಂದ್ರೆ ಬೆಳಕು ಮತ್ತು ಕ್ಯಾಮೆರಾ ಜೋಡಿಸಿದ ಕೊಳವೆ, ಇನ್ನೊಂದರಲ್ಲಿ ಚಿಮುಟ. ವೈದ್ಯರು ಪರದೆ ನೋಡುತ್ತಲೇ ಚೂರನ್ನು ಹಿಡಿದು ತೆಗೆಯುತ್ತಾರೆ.

ಗಾಯ ಚಿಕ್ಕದು, ಬೇಗ ಮಾಯುತ್ತದೆ. ಆದರೆ ಆಗಲೇ ಸವೆದ ಮೃದ್ವಸ್ಥಿ ಮರಳಿ ಬಾರದು. ಅದಕ್ಕೇ ಕುಂಟುವ ಕುದುರೆಯನ್ನು ಓಡಿಸದೆ, ಮೊದಲು ವೈದ್ಯರಿಗೆ ತೋರಿಸಬೇಕು.