ಟರ್ಬೊ ಇಂಜಿನಿನ ಕೋಷ್ಟಕವನ್ನು ತಿದ್ದಿದರೆ ಇಂಧನ ಉಳಿಯುವುದೆ?

ಸೌದೆಯ ಒಲೆಯ ಮುಂದೆ ಕುಳಿತು ಊದುಗೊಳವೆ ಹಿಡಿದವರಿಗೆ ದಹನಕ್ರಿಯೆಯ ಮೊದಲನೆಯ ಪಾಠವನ್ನು ಯಾರೂ ಬೋಧಿಸಬೇಕಾದುದಿಲ್ಲ. ಸೌದೆ ಎಷ್ಟಿದ್ದರೇನು, ಗಾಳಿ ಸಾಲದಾದರೆ ಹೊಗೆಯೇ ಹೊರತು ಉರಿಯಿಲ್ಲ. ಮೋಟಾರು ಕಾರಿನ ಇಂಜಿನಿಗೂ ಇದೇ ನಿಯಮ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಸುಮಾರು 9,000 ಲೀಟರು ಗಾಳಿ. ಪೆಟ್ರೋಲನ್ನು ಹೆಚ್ಚಾಗಿ ಸಿಂಪಡಿಸುವುದು ಸುಲಭ; ಅದಕ್ಕೆ ತಕ್ಕಷ್ಟು ಗಾಳಿಯನ್ನು ಸಿಲಿಂಡರಿನೊಳಕ್ಕೆ ತುಂಬುವುದೇ ಕಷ್ಟ.

ಹೀಗೆ ಗಾಳಿಯನ್ನು ಒತ್ತಿ ತುಂಬುವ ತಿದಿಯೇ ಟರ್ಬೊ. ಕಮ್ಮಾರನ ತಿದಿಯೊತ್ತಲು ಒಬ್ಬ ಆಳು ಬೇಕು. ಇಲ್ಲಿ ಆ ಆಳಿನ ಕೆಲಸವನ್ನು ಇಂಜಿನು ಹೊರಕ್ಕೆ ಬಿಸಾಡುವ ಬಿಸಿ ಹೊಗೆಯೇ ಮಾಡುತ್ತದೆ. ಇಂಧನದಲ್ಲಿರುವ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಹೊಗೆಯೊಡನೆ ವ್ಯರ್ಥವಾಗಿ ಹೋಗುವುದನ್ನು ಕಂಡು, ಅದರಿಂದ ಸ್ವಲ್ಪವನ್ನಾದರೂ ಹಿಂದಕ್ಕೆ ಪಡೆಯುವ ಉಪಾಯವನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರನು ಯೋಚಿಸಿ 1905ರಲ್ಲಿ ಪೇಟೆಂಟು ಪಡೆದನು. ಹೊಗೆಯ ಹಾದಿಯಲ್ಲಿ ಒಂದು ಚಕ್ರ, ಗಾಳಿಯ ಹಾದಿಯಲ್ಲಿ ಇನ್ನೊಂದು ಚಕ್ರ, ಎರಡಕ್ಕೂ ಒಂದೇ ಅಚ್ಚು. ಇಂದಿನ ಸಣ್ಣ ಕಾರುಗಳಲ್ಲಿ ಈ ಅಚ್ಚು ನಿಮಿಷಕ್ಕೆ ಒಂದೂವರೆ ಲಕ್ಷದಿಂದ ಎರಡು ಲಕ್ಷ ಸುತ್ತುಗಳಷ್ಟು ವೇಗದಲ್ಲಿ ತಿರುಗುವುದುಂಟು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವು ಮಂಗಳೂರಿನಲ್ಲಿರುವುದಕ್ಕಿಂತ ಹತ್ತನೆಯ ಒಂದು ಪಾಲು ಕಡಿಮೆ. ಸಾಮಾನ್ಯ ಇಂಜಿನು ಘಟ್ಟ ಹತ್ತಿ ಬಂದ ಮೇಲೆ ಅಷ್ಟರಮಟ್ಟಿಗೆ ಬಡವಾಗುತ್ತದೆ. ಟರ್ಬೊ ಆ ಕೊರತೆಯನ್ನು ತುಂಬಿಕೊಡುತ್ತದೆ.

ಆದರೆ ಗಾಳಿಯನ್ನು ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರೂ ಪಂಪಿನ ತುದಿಯ ಬಿಸಿಯನ್ನು ಮುಟ್ಟಿ ನೋಡಿದ್ದಾರೆ. ಪೆಟ್ರೋಲು ಇಂಜಿನಿನಲ್ಲಿ ಈ ಬಿಸಿ ಮಿತಿಮೀರಿದರೆ, ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಬಂದು ತಲಪುವ ಮೊದಲೇ ಮೂಲೆಯಲ್ಲುಳಿದ ಮಿಶ್ರಣವು ತಾನಾಗಿ ಸಿಡಿಯುತ್ತದೆ. ಇದನ್ನೇ ಮೋಟಾರು ಬಲ್ಲವರು ನಾಕಿಂಗ್ ಎನ್ನುವರು; ಕಿವಿಗೆ ಅದು ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಕೇಳುತ್ತದೆ, ಪಿಸ್ಟನ್ನಿಗೆ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತದೆ.

ಈ ತೊಂದರೆಯನ್ನು ಮೊಟ್ಟಮೊದಲು ಎದುರಿಸಿದ ಮಾರಾಟದ ಕಾರುಗಳಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಒಂದು. 1962ರಲ್ಲಿ ಬಂದ ಈ ಕಾರಿನ ನಾಕಿಂಗನ್ನು ತಡೆಯಲು ತಯಾರಕರು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಳಬರುವ ಗಾಳಿಗೆ ಸಿಂಪಡಿಸಿದರು. ಉಪಾಯವೇನೋ ಚೆನ್ನಾಗಿಯೇ ಇತ್ತು. ದ್ರವ ಮುಗಿದಾಗ ಮಾಲೀಕನು ಮತ್ತೆ ತುಂಬಿಸಬೇಕಾಗಿತ್ತು; ಅನೇಕರು ತುಂಬಿಸಲಿಲ್ಲ; ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ಟರ್ಬೊವಿನ ಒತ್ತಡವನ್ನು ತಗ್ಗಿಸಿಕೊಂಡಿತು; ಹಣ ತೆತ್ತು ಕೊಂಡ ಬಲ ಮಾಯವಾಯಿತು. ಎರಡೇ ವರ್ಷಗಳಲ್ಲಿ ಆ ಕಾರಿನ ಕಥೆ ಮುಗಿಯಿತು. ಮುಂದೆ 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್ ಸಂಸ್ಥೆಯವರು ಇಂಜಿನಿನ ಮೈಗೆ ಒಂದು ಕಿವಿಯನ್ನೇ ಅಳವಡಿಸಿದರು. ನಾಕಿಂಗ್ ಶುರುವಾದುದನ್ನು ಆ ಕಿವಿ ಕೇಳಿಸಿಕೊಂಡೊಡನೆ ಸಣ್ಣ ವಿದ್ಯುನ್ಮಾನ ಪೆಟ್ಟಿಗೆಯೊಂದು ಟರ್ಬೊವಿನ ಒತ್ತಡವನ್ನು ಇಳಿಸುತ್ತಿತ್ತು. ಮಾಲೀಕನು ಮರೆತರೂ ಪೆಟ್ಟಿಗೆ ಮರೆಯಲಿಲ್ಲ.

ಆ ಪೆಟ್ಟಿಗೆಯ ವಂಶಜನೇ ಇಂದಿನ ಪ್ರತಿಯೊಂದು ಕಾರಿನಲ್ಲಿಯೂ ಇರುವ ಇಂಜಿನ್ ನಿಯಂತ್ರಕ. ಅದರೊಳಗಿರುವುದು ಮಗ್ಗಿಯ ಪುಸ್ತಕದಂತಹ ಸಂಖ್ಯಾಕೋಷ್ಟಕಗಳು. ಅಡ್ಡಸಾಲಿನಲ್ಲಿ ಇಂಜಿನಿನ ವೇಗ, ನೆಟ್ಟಸಾಲಿನಲ್ಲಿ ಅದರ ಮೇಲಿನ ಹೊರೆ. ಎರಡೂ ಸಂಧಿಸುವ ಮನೆಯಲ್ಲಿ ಒಂದು ಅಂಕೆ. ಒಂದು ಕೋಷ್ಟಕವು ಎಷ್ಟು ಇಂಧನವೆಂದು ಹೇಳಿದರೆ, ಇನ್ನೊಂದು ಕಿಡಿಯನ್ನು ಯಾವಾಗ ಹಾರಿಸಬೇಕೆಂದೂ ಮತ್ತೊಂದು ಟರ್ಬೊ ಎಷ್ಟು ಒತ್ತಬೇಕೆಂದೂ ಹೇಳುತ್ತದೆ. ಇಂತಹವು ನೂರಾರಿರುತ್ತವೆ. ಮೋಟಾರು ಭಾಷೆಯಲ್ಲಿ ಇವಕ್ಕೆ ಮ್ಯಾಪ್ ಎಂದು ಹೆಸರು. ಕಾರ್ಖಾನೆಯವರು ಬರೆದ ಅಂಕೆಗಳನ್ನು ಅಳಿಸಿ ಬೇರೆ ಅಂಕೆಗಳನ್ನು ಬರೆಯುವುದೇ ರೀಮ್ಯಾಪಿಂಗ್.

ನಮ್ಮ ಹಿರಿಯ ವಾಚಕರಿಗೆ ಇದರ ಹಳೆಯ ರೂಪವು ಅಪರಿಚಿತವಾಗಿರಲಾರದು. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ, ಅಂದರೆ 2008ರಿಂದ ಬಾಷ್ ಎಂಬ ಹೆಸರಿನಲ್ಲಿರುವ ಸಂಸ್ಥೆ, ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸುತ್ತಿತ್ತು. ಅಂತಹ ಪಂಪುಗಳಲ್ಲಿ ಗರಿಷ್ಠ ಎಣ್ಣೆಯ ಮಿತಿಯನ್ನು ಗೊತ್ತುಪಡಿಸುವ ಒಂದು ತಿರುಪು ಇದ್ದು, ಅದರ ಮೇಲೆ ಸೀಲು ಹಾಕಿರುತ್ತಿತ್ತು. ಸೀಲು ಕಿತ್ತು ತಿರುಪನ್ನು ಅರ್ಧ ಸುತ್ತು ತಿರುಗಿಸಿದರೆ ಲಾರಿ ಘಟ್ಟವನ್ನು ಹುರುಪಿನಿಂದ ಹತ್ತುತ್ತಿತ್ತು. ಹಿಂದೆ ಬರುವವರ ಮುಖಕ್ಕೆ ಕರಿಯ ಹೊಗೆಯನ್ನೂ ಬಳಿಯುತ್ತಿತ್ತು. ತಿರುಪು ಹೋಗಿ ಅಂಕೆ ಬಂದಿದೆ. ಆಸೆ ಅದೇ ಇದೆ.

ಕಾರ್ಖಾನೆಯವರು ಬಲವನ್ನು ಬೇಕೆಂದೇ ಅಡಗಿಸಿಟ್ಟಿರುವರೇ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ಹೌದು. ಅವರ ಕಾರು ರಾಜಸ್ಥಾನದ ಬೇಸಗೆಯಲ್ಲಿಯೂ ಲಡಾಖಿನ ಚಳಿಯಲ್ಲಿಯೂ ಓಡಬೇಕು; ಸಾಧಾರಣ ಪೆಟ್ರೋಲನ್ನು ಕುಡಿದು ಜೀರ್ಣಿಸಿಕೊಳ್ಳಬೇಕು; ಎಣ್ಣೆ ಬದಲಾಯಿಸಲು ಮರೆಯುವ ಮಾಲೀಕನ ಕೈಯಲ್ಲಿಯೂ ಬಾಳಬೇಕು; ಹೊಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಈ ಎಲ್ಲ ಕಕ್ಷಿಗಾರರ ನಡುವೆ ಮಾಡಿಕೊಂಡ ರಾಜಿಯ ದಸ್ತಾವೇಜೇ ಆ ಕೋಷ್ಟಕ. ಒಂದೇ ಇಂಜಿನನ್ನು ಎರಡು ಬಲಗಳಲ್ಲಿ ಮಾರುವುದೂ ಉಂಟೆಂಬುದು ನಿಜ. ಆದರೆ ಅಲ್ಲಿಯೂ ವ್ಯತ್ಯಾಸವೆಲ್ಲ ಅಂಕೆಗಳದ್ದೇ ಎಂದು ನಂಬುವುದು ಅವಸರದ ಮಾತು. ನಮ್ಮ ದೇಶದಲ್ಲಿ ಬಹುಕಾಲ ಓಡಿದ ಫಿಯೆಟ್ ಮೂಲದ 1.3 ಲೀಟರು ಡೀಸೆಲ್ ಇಂಜಿನು 75 ಅಶ್ವಶಕ್ತಿಯಲ್ಲಿಯೂ 90 ಅಶ್ವಶಕ್ತಿಯಲ್ಲಿಯೂ ದೊರೆಯುತ್ತಿತ್ತು. ಎರಡನೆಯದಕ್ಕೆ ರೆಕ್ಕೆಗಳ ಕೋನವನ್ನು ಬದಲಾಯಿಸಿಕೊಳ್ಳಬಲ್ಲ ಬೇರೆಯೇ ಟರ್ಬೊ ಇತ್ತು.

ಟರ್ಬೊ ಇಲ್ಲದ ಇಂಜಿನಿನಲ್ಲಿ ಕೋಷ್ಟಕವನ್ನು ತಿದ್ದಿದರೆ ದೊರೆಯುವ ಲಾಭ ಅತ್ಯಲ್ಪ. ಗಾಳಿ ಎಷ್ಟು ಬರುವುದೋ ಅಷ್ಟೇ. ಟರ್ಬೊ ಇದ್ದರೆ ಗಾಳಿಯ ಪ್ರಮಾಣವೇ ಅಂಕೆಗೆ ಅಧೀನ. ಆದುದರಿಂದ ಶೇಕಡ 20ರಿಂದ 30ರಷ್ಟು ಹೆಚ್ಚು ಬಲ, ಅದಕ್ಕೂ ಮಿಗಿಲಾಗಿ ಕಡಿಮೆ ವೇಗದಲ್ಲಿ ಚಕ್ರಗಳನ್ನು ತಿರುಗಿಸುವ ಟಾರ್ಕ್, ನಿಜವಾಗಿಯೂ ಸಿಕ್ಕುವುದುಂಟು. ಓಡಿಸಿ ನೋಡಿದವರು ಕಾರು ಹಗುರವಾಯಿತೆನ್ನುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಬಲದ ವಿಷಯದಲ್ಲಿ ನಮಗೆ ವಿವಾದವಿಲ್ಲ. ಜೊತೆಗೇ ಇಂಧನವೂ ಉಳಿಯುತ್ತದೆಂಬ ಮಾತನ್ನು ಮಾತ್ರ ತಕ್ಕಡಿಯಲ್ಲಿಟ್ಟು ತೂಗಬೇಕಾಗಿದೆ.

ಸುಮಾರು 1,200 ಕಿಲೋಗ್ರಾಂ ತೂಕದ ಕಾರೊಂದು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಸಾಗಲು ಬೇಕಾಗುವ ಬಲವೆಷ್ಟು? ಗಾಳಿಯ ತಡೆ, ಟಯರುಗಳ ಎಳೆತ ಎರಡನ್ನೂ ಕೂಡಿದರೆ ಸುಮಾರು 10 ಅಶ್ವಶಕ್ತಿ. ಇಷ್ಟೇ! 110 ಅಶ್ವಶಕ್ತಿಯ ಇಂಜಿನನ್ನು 140ಕ್ಕೆ ಏರಿಸಿದರೂ ಈ 10 ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇಷ್ಟು ಹಗುರವಾದ ದುಡಿಮೆಯಲ್ಲಿ ಕಾರ್ಖಾನೆಯ ಕೋಷ್ಟಕವು ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಅಳೆದು ಗಾಳಿ ಪೆಟ್ರೋಲುಗಳನ್ನು ಸರಿಯಾದ ಪ್ರಮಾಣದಲ್ಲಿಯೇ ಬೆರೆಸುತ್ತಿರುತ್ತದೆ. ಕಿಡಿಯೂ ಬಹುಮಟ್ಟಿಗೆ ಸಕಾಲದಲ್ಲಿಯೇ ಹಾರುತ್ತಿರುತ್ತದೆ. ತಿದ್ದುವವನಿಗೆ ಅಲ್ಲಿ ಉಳಿದಿರುವ ಕೆಲಸ ಬಹಳ ಸ್ವಲ್ಪ.

ಹಾಗಾದರೆ ಉಳಿತಾಯ ಕಂಡೆವೆನ್ನುವವರೆಲ್ಲ ಸುಳ್ಳಾಡುವರೆ? ಇಲ್ಲ. ಟಾರ್ಕ್ ಹೆಚ್ಚಾದ ಇಂಜಿನು ಮೇಲಿನ ಗೇರಿನಲ್ಲಿಯೇ, ಕಡಿಮೆ ಸುತ್ತುಗಳಲ್ಲಿಯೇ, ಏರನ್ನು ಹತ್ತಬಲ್ಲದು. ಹಿಂದೆ ಮೂರನೆಯ ಗೇರಿಗೆ ಇಳಿಯಬೇಕಾಗಿದ್ದ ಕಡೆ ಈಗ ನಾಲ್ಕನೆಯದೇ ಸಾಕು. ಸುತ್ತುಗಳು ಕಡಿಮೆಯಾದರೆ ಯಂತ್ರದೊಳಗಿನ ಘರ್ಷಣೆಯೂ ಗಾಳಿಯನ್ನು ಎಳೆದುಕೊಳ್ಳುವ ಶ್ರಮವೂ ಕಡಿಮೆ. ಇದರಿಂದ ಕೆಲವು ಶೇಕಡದಷ್ಟು ಇಂಧನ ಉಳಿಯಬಹುದು. ಆದರೆ ಈ ಉಳಿತಾಯದ ಬಹುಪಾಲು ಚಾಲಕನ ಬಲಗಾಲಿನಿಂದ ಬಂದದ್ದು. ಹೊಸ ಬಲವನ್ನು ಕೈಗೆ ಕೊಟ್ಟ ಮೇಲೂ ಅದನ್ನು ಬಳಸದೆ ಸುಮ್ಮನಿರುವ ಸಂಯಮಿಗಳು ಎಷ್ಟು ಮಂದಿಯೋ ನಾವರಿಯೆವು. 80ರಲ್ಲಿ ಸಾಗುತ್ತಿದ್ದವನು 120ಕ್ಕೆ ಏರಿದರೆ ಬೇಕಾಗುವ ಬಲ ಸುಮಾರು 26 ಅಶ್ವಶಕ್ತಿ. ದಾರಿ ಬೇಗ ಮುಗಿಯುವುದನ್ನು ಲೆಕ್ಕಕ್ಕೆ ಹಿಡಿದರೂ ಪ್ರತಿ ಕಿಲೋಮೀಟರಿಗೆ ಮಾಡಬೇಕಾದ ಕೆಲಸ ಒಂದೂಮುಕ್ಕಾಲು ಪಾಲಿನ ಹತ್ತಿರ ಹತ್ತಿರವಾಗುತ್ತದೆ.

ಡೀಸೆಲ್ ಇಂಜಿನಿನಲ್ಲಿ ಮಾತ್ರ ಅಂಕೆಗಳನ್ನು ತಿದ್ದಿ ಸಾಧಾರಣ ಓಟದಲ್ಲಿಯೂ ಇಂಧನ ಉಳಿಸುವ ಅವಕಾಶ ಹೆಚ್ಚು. ಡೀಸೆಲನ್ನು ಸ್ವಲ್ಪ ಮೊದಲೇ ಚಿಮ್ಮಿಸಿದರೆ ಸಿಲಿಂಡರಿನ ಉಷ್ಣತೆ ಏರಿ ಕೆಲಸ ಹೆಚ್ಚು ದೊರೆಯುತ್ತದೆ. ಆದರೆ ಆ ಹೆಚ್ಚಿನ ಉಷ್ಣತೆಯಲ್ಲಿಯೇ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಶ್ವಾಸಕೋಶಕ್ಕೆ ಕೆಡುಕಾದ ಆಕ್ಸೈಡುಗಳು ಹುಟ್ಟುತ್ತವೆ. ಇವನ್ನು ತಗ್ಗಿಸಲು ಕಾರ್ಖಾನೆಯವರು ಹೊಗೆಯ ಒಂದು ಪಾಲನ್ನು ಮರಳಿ ಸಿಲಿಂಡರಿಗೆ ಕಳುಹಿಸಿ ಉರಿಯನ್ನು ತಣಿಸುವರು. ಆಗ ಮಸಿ ಹೆಚ್ಚುತ್ತದೆ. ಮಸಿಯ ಶೋಧಕವನ್ನು ಸುಟ್ಟು ಶುಚಿಮಾಡಲು ಮತ್ತಷ್ಟು ಡೀಸೆಲ್ ಬೇಕಾಗುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಚೆಂಡಿನಂತಹ ಸಮಸ್ಯೆ ಇದು.

ಈ ಅಂಕೆಗಳ ಮಹಿಮೆ ಎಷ್ಟೆಂಬುದು ಲೋಕಕ್ಕೆಲ್ಲ ತಿಳಿದದ್ದು ಫೋಕ್ಸ್‌ವ್ಯಾಗನ್ ಪ್ರಕರಣದಿಂದ. ಅಮೆರಿಕದ ಪಶ್ಚಿಮ ವರ್ಜೀನಿಯ ವಿಶ್ವವಿದ್ಯಾನಿಲಯದವರು ಡೀಸೆಲ್ ಕಾರುಗಳನ್ನು ಪರೀಕ್ಷಾಗಾರದಿಂದ ಹೊರಗೆ ಸಾಮಾನ್ಯ ರಸ್ತೆಯಲ್ಲಿ ಓಡಿಸಿ, ಹಿಂದೆ ಉಪಕರಣಗಳನ್ನು ಕಟ್ಟಿ ಹೊಗೆಯನ್ನಳೆದರು. 2014ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಜೆಟ್ಟಾ ಕಾರೊಂದರ ಸಾರಜನಕ ಆಕ್ಸೈಡುಗಳು ವಿಧಿಸಿದ ಮಿತಿಯ 15ರಿಂದ 35 ಪಟ್ಟಿನವರೆಗೆ ಇದ್ದವು. ಅದೇ ಕಾರು ಪರೀಕ್ಷಾಗಾರದಲ್ಲಿ ಸಾಧುವಾಗಿತ್ತು! 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಗುಟ್ಟನ್ನು ಬಯಲುಮಾಡಿತು. ಸ್ಟಿಯರಿಂಗ್ ಚಕ್ರದ ಅಲುಗಾಟ, ಓಟದ ವೇಗ, ಓಡಿದ ಅವಧಿ ಮೊದಲಾದವುಗಳಿಂದ ತಾನು ಪರೀಕ್ಷೆಯಲ್ಲಿದ್ದೇನೆಯೇ ರಸ್ತೆಯಲ್ಲಿದ್ದೇನೆಯೇ ಎಂಬುದನ್ನು ನಿಯಂತ್ರಕವೇ ಊಹಿಸಿ, ಪರೀಕ್ಷೆಗೊಂದು ಕೋಷ್ಟಕ, ರಸ್ತೆಗೊಂದು ಕೋಷ್ಟಕ ಬಳಸುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಏರ್ಪಾಡಿತ್ತು. ಭಾರತದಲ್ಲಿ ಆ ವರ್ಷದ ಡಿಸೆಂಬರಿನಲ್ಲಿ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಸಂಸ್ಥೆ ಪ್ರಕಟಿಸಿತು. ಪರೀಕ್ಷಾಗಾರದ ಬಾಗಿಲಿನಿಂದ ಹೊರಬಂದ ಕಾರಿನಲ್ಲಿ ಒಂದು ಮೊಳೆಯೂ ಬದಲಾಗಿರಲಿಲ್ಲ, ಅಂಕೆಗಳು ಮಾತ್ರ ಬದಲಾಗಿದ್ದವು. ಮೂಲೆಯ ಗ್ಯಾರೇಜಿನಲ್ಲಿ ಡೀಸೆಲ್ ಕಾರನ್ನು ರೀಮ್ಯಾಪ್ ಮಾಡಿಸುವವನೂ ಎಷ್ಟೋ ವೇಳೆ ಇದೇ ವ್ಯಾಪಾರವನ್ನು ಚಿಕ್ಕ ಪ್ರಮಾಣದಲ್ಲಿ ನಡೆಸುತ್ತಾನೆ. ಅವನಿಗೆ ಉಳಿದ ಡೀಸೆಲಿನ ಬೆಲೆಯನ್ನು ಬೀದಿಯಲ್ಲಿ ಉಸಿರಾಡುವವರು ತೆರುತ್ತಾರೆ.

ಇನ್ನು ಯಂತ್ರದ ಆಯುಸ್ಸು. ಕಡಿಮೆ ಸುತ್ತುಗಳಲ್ಲಿ ಟರ್ಬೊವಿನ ಒತ್ತಡವನ್ನು ಏರಿಸಿದರೆ, ಸಿಲಿಂಡರಿಗೆ ನೇರವಾಗಿ ಪೆಟ್ರೋಲು ಚಿಮ್ಮಿಸುವ ಸಣ್ಣ ಇಂಜಿನುಗಳಲ್ಲಿ ಕಿಡಿ ಹಾರುವುದಕ್ಕೆ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ನಾಕಿಂಗನ್ನು ಕೇಳಿದ ಮೇಲೆ ತಿದ್ದಿಕೊಳ್ಳಲು ನಿಯಂತ್ರಕಕ್ಕೆ ಕಾಲಾವಕಾಶವಿರುತ್ತದೆ. ಇದರಲ್ಲಿ ಒಂದೇ ಏಟಿಗೆ ಪಿಸ್ಟನ್ನು ಬಿರಿದರೂ ಬಿರಿಯಬಹುದು. ಕ್ಲಚ್ಚು, ಗೇರುಪೆಟ್ಟಿಗೆಗಳೂ ಹಳೆಯ ಟಾರ್ಕಿಗೆ ತಕ್ಕಂತೆ ಮಾಡಿದವು. ಕಾನೂನಿನ ಮಾತೂ ಒಂದಿದೆ: 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು, ನೋಂದಣಿಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಗೊತ್ತುಪಡಿಸಿದವುಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಅಂಕೆ ತಿದ್ದಿದ ಕಾರಿಗೆ ಕಂಪೆನಿಯ ವಾರಂಟಿಯನ್ನು ನೆಚ್ಚುವಂತೆಯೂ ಇಲ್ಲ.

ಈಗಾಗಲೇ ಈ ಕೆಲಸ ಮಾಡಿಸಿ ಉಳಿತಾಯವನ್ನು ಅಳೆಯಬೇಕೆಂದಿರುವ ವಾಚಕರು ಕಾರಿನ ಮುಂದಿನ ಫಲಕದಲ್ಲಿ ಕಾಣುವ ಅಂಕೆಯನ್ನು ನಂಬದಿರುವುದು ಲೇಸು. ಆ ಫಲಕಕ್ಕೆ ಪೆಟ್ರೋಲನ್ನು ಅಳೆಯುವ ಮಾಪಕವಿರುವುದಿಲ್ಲ. ಎಷ್ಟು ಹೊತ್ತು, ಎಷ್ಟು ಒತ್ತಡದಲ್ಲಿ ಚಿಮ್ಮಿಸಿದೆನೆಂದು ನಿಯಂತ್ರಕ ಇಟ್ಟ ಲೆಕ್ಕವನ್ನೇ ಅದು ತೋರಿಸುತ್ತದೆ. ಒತ್ತಡದ ವಿಷಯದಲ್ಲಿ ನಿಯಂತ್ರಕಕ್ಕೆ ಸುಳ್ಳು ಹೇಳಿ ಹೆಚ್ಚು ಇಂಧನ ಹರಿಯಿಸುವ ಅಗ್ಗದ ಪೆಟ್ಟಿಗೆಗಳುಂಟು. ಅಂತಹ ಕಾರಿನಲ್ಲಿ ಫಲಕವು ಉಳಿತಾಯವಾಯಿತೆಂದು ಹೇಳುತ್ತಿರುವಾಗ ಟ್ಯಾಂಕು ಬರಿದಾಗುತ್ತಿರಬಹುದು. ಒಂದೇ ಬಂಕಿನಲ್ಲಿ, ಒಂದೇ ಪಂಪಿನಿಂದ ಟ್ಯಾಂಕು ತುಂಬಿಸಿ, ಓಡಿದ ದೂರವನ್ನು ಬರೆದಿಟ್ಟು, ಮತ್ತೆ ತುಂಬಿಸಿದಾಗ ಹಿಡಿದ ಲೀಟರುಗಳಿಂದ ಭಾಗಿಸಬೇಕು. ತಿದ್ದುವ ಮೊದಲು ಐದಾರು ಸಲ, ತಿದ್ದಿದ ಮೇಲೆ ಐದಾರು ಸಲ, ಅದೇ ದಾರಿಯಲ್ಲಿ, ಟಯರಿನಲ್ಲಿ ಅಷ್ಟೇ ಗಾಳಿಯಿಟ್ಟು ಹೀಗೆ ಮಾಡಬೇಕು. ಬೇಸಗೆಯಲ್ಲಿ ಏರ್ ಕಂಡಿಷನರ್ ಹಾಕಿಕೊಂಡು ಓಡಿಸಿದ್ದನ್ನು ಮಾಗಿಯ ಓಟದೊಡನೆ ಹೋಲಿಸಬಾರದು.

ಇಷ್ಟೆಲ್ಲ ಜಾಗರೂಕತೆಯಿಂದ ಅಳೆದು ಶೇಕಡ 5ರಷ್ಟು ಲಾಭ ಕಂಡಿತೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ 15,000 ಕಿಲೋಮೀಟರು ಓಡುವ, ಲೀಟರಿಗೆ 15 ಕಿಲೋಮೀಟರು ಕೊಡುವ ಪೆಟ್ರೋಲು ಕಾರಿಗೆ ಮೊದಲು 1,000 ಲೀಟರು ಬೇಕಾಗಿತ್ತು. ಈಗ 952 ಸಾಕು. ಲೀಟರಿಗೆ 100 ರೂಪಾಯಿಯಂತೆ ಉಳಿದದ್ದು 4,800 ರೂಪಾಯಿ. ಆದರೆ ಹೆಚ್ಚಿದ ಒತ್ತಡದಲ್ಲಿ ನಾಕಿಂಗ್ ಆಗದಿರಲೆಂದು ತಿದ್ದಿದವರು ಹೆಚ್ಚು ಆಕ್ಟೇನಿನ ಪೆಟ್ರೋಲನ್ನೇ ಹಾಕಿಸಬೇಕೆಂದು ಸಾಮಾನ್ಯವಾಗಿ ಹೇಳಿರುತ್ತಾರೆ. ಅದರ ಬೆಲೆ ಲೀಟರಿಗೆ 8 ರೂಪಾಯಿ ಹೆಚ್ಚೆಂದು ಹಿಡಿದರೆ 952 ಲೀಟರಿಗೆ ಹೆಚ್ಚಾಗಿ ತೆರಬೇಕಾದದ್ದು 7,616 ರೂಪಾಯಿ. ರೀಮ್ಯಾಪಿಂಗಿಗೆ ಕೊಟ್ಟ ಹಣ ಇದರಲ್ಲಿ ಸೇರಿಲ್ಲ.