ಹೊಲಕ್ಕಿಳಿದ ವಿಮಾನ: ಹೊಣೆ ಯಾರದು?

ಪ್ರಶ್ನೆ: ಕಲಬುರಗಿಯಿಂದ ಹಾರುವ ತರಬೇತಿ ವಿಮಾನ ನಮ್ಮ ಜೇವರ್ಗಿಯ ತೊಗರಿ ಹೊಲಕ್ಕೆ ಬಿದ್ದರೆ ಹೊಣೆ ಯಾರದು?

ಉತ್ತರ: ಹಾರಾಟದ ಹೊಣೆ ಪೈಲಟ್-ಇನ್-ಕಮಾಂಡ್‌ನದು (ಆ ಹಾರಾಟದ ಮುಖ್ಯ ಪೈಲಟ್); ಬೋಧಕ ಜೊತೆಗಿದ್ದರೆ ಸಾಮಾನ್ಯವಾಗಿ ಅವರದೇ. ಎಂಜಿನ್‌ ಸುಸ್ಥಿತಿಯ ಹೊಣೆ ತರಬೇತಿ ಸಂಸ್ಥೆಯದು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ಪುಟ್ಟ ವಿಮಾನ ಹೊನ್ನಿಹಾಳದ ಹೊಲಕ್ಕಿಳಿಯಿತು; ಅದರಲ್ಲಿದ್ದ ಇಬ್ಬರೂ ಬದುಕುಳಿದರು. ನಮ್ಮ ಎರೆಭೂಮಿಯಲ್ಲಿ ಇಳಿಯುವುದು ಕಷ್ಟ: ಮಳೆಗಾಲದಲ್ಲಿ ಮುಂದಿನ ಗಾಲಿ ಹೂತರೆ ವಿಮಾನ ಮಗುಚಬಹುದು.

ವಿಮಾನ ಅಪಘಾತ ತನಿಖಾ ಬ್ಯೂರೊ ಹುಡುಕುವುದು ಕಾರಣವನ್ನು, ತಪ್ಪಿತಸ್ಥರನ್ನಲ್ಲ. ತನಿಖಾ ನಿಯಮಗಳ ಉದ್ದೇಶವೇ ಮುಂದಿನ ಅಪಘಾತ ತಡೆಯುವುದು. ಇದು ಸರಿಯಾದ ದಾರಿಯೆಂದೇ ನನ್ನ ನಂಬಿಕೆ. ಶಿಕ್ಷೆಗೆ ಹೆದರಿದವರು ಸತ್ಯ ಮುಚ್ಚಿಡುತ್ತಾರೆ.

ಆಳಂದ, ಅಫಜಲಪುರದ ರೈತರಲ್ಲೂ ವಿನಂತಿ: ವಿಮಾನ ಬಿದ್ದರೆ ಗಾಯಾಳುಗಳನ್ನು ಉಳಿಸಿ, 112ಕ್ಕೆ ಕರೆ ಮಾಡಿ. ತನಿಖೆಗೆ ಬೇಕಾಗುವುದರಿಂದ ಮುರಿದ ಚೂರೊಂದನ್ನೂ ಕದಲಿಸಬೇಡಿ.